ಹೈಸ್ಕೂಲು ಪ್ರೇಮದ ಸಿನಿಮಾ ಮಕ್ಕಳಿಗೆ ತೋರಿಸುವ ಮುನ್ನ

ಹದಿಹರೆಯದ ಮಕ್ಕಳಿರುವ ಮನೆಯವರು, ಶಾಲೆಯಲ್ಲಿ ಸಿನಿಮಾ ತೋರಿಸುವ ಮೇಷ್ಟ್ರು, ಟೀಚರ್‌ಗಳು ಗಮನಿಸಿ. ಅಮೆರಿಕದ ಹೈಸ್ಕೂಲು ಪ್ರೇಮದ ಹಾಸ್ಯಚಿತ್ರಗಳು ಈಗ ಫೋನಿನಲ್ಲೇ ಸಿಗುತ್ತವೆ. ಮಕ್ಕಳು ನಿಮ್ಮನ್ನು ಕೇಳಿಯೇ ನೋಡುತ್ತಾರೆ ಎಂಬ ಭ್ರಮೆ ಬೇಡ.

ಮಾಡಬೇಕಾದ್ದು

ಮೊದಲು ನೀವು ನೋಡಿ. ಟ್ರೇಲರ್ ಸಾಲದು. ಪುರುಸೊತ್ತಿಲ್ಲದಿದ್ದರೆ ಪಾರ್ಟಿಯ ದೃಶ್ಯವನ್ನಾದರೂ ನೋಡಿ. ಯಾರದೋ ಅಪ್ಪ-ಅಮ್ಮ ಊರಲ್ಲಿಲ್ಲದ ರಾತ್ರಿ ಇಂಥ ಚಿತ್ರಗಳಲ್ಲಿ ಒಂದು ಪಾರ್ಟಿ ಇದ್ದೇ ಇರುತ್ತದೆ, ಚಿತ್ರದ ಬಂಡವಾಳ ಬಯಲಾಗುವುದೂ ಅಲ್ಲೇ.

ಜಾನ್ ಹ್ಯೂಸ್ ನಿರ್ದೇಶಿಸಿದ ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ (1984) ತೆಗೆದುಕೊಳ್ಳಿ. ಕುಡಿದು ಮೈಮೇಲೆ ಎಚ್ಚರವಿಲ್ಲದ ಕ್ಯಾರೊಲೈನಳನ್ನು ಅವಳ ಗೆಳೆಯ ಜೇಕ್ ಇನ್ನೊಬ್ಬ ಹುಡುಗನಿಗೆ ಒಪ್ಪಿಸಿ, ಅಪ್ಪನ ರೋಲ್ಸ್ ರಾಯ್ಸ್ ಕಾರನ್ನೂ ಕೊಟ್ಟು ಕಳಿಸುತ್ತಾನೆ. ಬೆಳಗಾದರೆ ರಾತ್ರಿ ನಡೆದದ್ದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಚಿತ್ರಕ್ಕೆ ಇದು ತಮಾಷೆ. ಆ ಜೇಕನೇ ಕೊನೆಗೆ ನಾಯಕಿಗೆ ಸಿಗುವ ಕನಸಿನ ಹುಡುಗ!

ಅದರ ಪಕ್ಕದಲ್ಲಿ ‘ಟೆನ್ ಥಿಂಗ್ಸ್ ಐ ಹೇಟ್ ಅಬೌಟ್ ಯು’ (1999) ಇಟ್ಟು ನೋಡಿ. ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಹೈಸ್ಕೂಲಿಗೆ ತಂದ ಚಿತ್ರ ಇದು. ಇಲ್ಲೂ ಪಾರ್ಟಿ, ಇಲ್ಲೂ ಕುಡಿದ ಹುಡುಗಿ. ಆದರೆ ಕಾರಿನಲ್ಲಿ ನಾಯಕಿ ಕ್ಯಾಟ್ ತಾನಾಗಿ ಮುತ್ತಿಡಲು ಬಂದಾಗ ನಾಯಕ ಪ್ಯಾಟ್ರಿಕ್ ಈಗ ಬೇಡ ಎಂದು ಹಿಂದೆ ಸರಿಯುತ್ತಾನೆ. ಅವಳಿಗೆ ಅವಮಾನವಾಗುತ್ತದೆ, ಸಿಟ್ಟು ಬರುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ತೂಕದ ದೃಶ್ಯ ಅದೇ. ಹಾಗಂತ ಪ್ಯಾಟ್ರಿಕ್ ಸಾಚಾ ಅಲ್ಲ, ಅವಳ ಬೆನ್ನು ಹತ್ತಲು ದುಡ್ಡು ಇಸಕೊಂಡವನು. ಆದರೆ ಆ ಗುಟ್ಟು ರಟ್ಟಾದಾಗ ಕ್ಯಾಟ್‌ಗೆ ಆದ ನೋವನ್ನು ಚಿತ್ರ ನಕ್ಕು ತಳ್ಳಿಹಾಕುವುದಿಲ್ಲ.

ಯಾರನ್ನು ತೋರಿಸಿ ನಗಿಸುತ್ತಾರೆ ಎಂಬುದನ್ನೂ ಗಮನಿಸಿ. ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ನಲ್ಲಿ ಏಷ್ಯಾದಿಂದ ಓದಲು ಬಂದ ಹುಡುಗನ ಪ್ರಸ್ತಾಪ ಬಂದಾಗೆಲ್ಲ ಹಿನ್ನೆಲೆಯಲ್ಲಿ ಜಾಗಟೆ ಬಾರಿಸುತ್ತಾರೆ. ನಗುವುದಕ್ಕೆ ಬೇರೆ ಕಾರಣವೇ ಇಲ್ಲ.

ಮಾಡಬಾರದ್ದು

ಸರ್ಟಿಫಿಕೇಟ್ ನೋಡಿ ನಿಶ್ಚಿಂತರಾಗಬೇಡಿ. ಮೇಲಿನ ಎರಡರಲ್ಲಿ 1999ರದಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ಪಿಜಿ-13, 1984ರದಕ್ಕೆ ಅದಕ್ಕಿಂತ ಸೌಮ್ಯವಾದ ಪಿಜಿ. ಹಳೆಯದರಲ್ಲಿ ಹುಡುಗಿಯೊಬ್ಬಳ ಬೆತ್ತಲೆ ಸ್ನಾನದ ದೃಶ್ಯವೂ ಇದೆ! ಕಾರಣ ಇಷ್ಟೇ: ಅದು ತೆರೆಕಂಡದ್ದು ಮೇ ತಿಂಗಳಲ್ಲಿ, ಪಿಜಿ-13 ಎಂಬ ದರ್ಜೆ ಹುಟ್ಟಿದ್ದೇ ಅದೇ ವರ್ಷದ ಜುಲೈಯಲ್ಲಿ. ನಮ್ಮ ಸೆನ್ಸಾರ್ ಮಂಡಳಿಯೂ 2024ರಲ್ಲಿ ಯು/ಎ ದರ್ಜೆಯನ್ನು 7+, 13+, 16+ ಎಂದು ಒಡೆಯಿತು. ಓಟಿಟಿಗೆ 2021ರ ನಿಯಮಗಳಲ್ಲೇ ಇಂಥ ವಿಂಗಡಣೆ ಬಂದಿದೆ, 13+ರಿಂದ ಮೇಲಕ್ಕೆ ಪೋಷಕರ ಲಾಕ್ ಕೊಡುವುದು ಕಡ್ಡಾಯ. ಅದನ್ನು ಹಾಕುವವರು ಮಾತ್ರ ನೀವೇ.

ಹಳೆಯ ಚಿತ್ರವೆಂದರೆ ಮುಗ್ಧ ಚಿತ್ರ ಎಂದುಕೊಳ್ಳಬೇಡಿ. ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ ನಾಯಕಿ ಮಾಲಿ ರಿಂಗ್‌ವಾಲ್ಡ್ ಅವರೇ 2018ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಹ್ಯೂಸ್ ಚಿತ್ರಗಳ ಬಗ್ಗೆ ತಮಗಿರುವ ಕಸಿವಿಸಿಯನ್ನು ಬರೆದರು.

ಮುತ್ತಿನ ದೃಶ್ಯ ಬಂತೆಂದು ರಿಮೋಟಿಗೆ ತಡಕಾಡಬೇಡಿ. ನೀವು ಓಡಿಸಿದ ಭಾಗವನ್ನೇ ಮಕ್ಕಳು ಆಮೇಲೆ ಹುಡುಕಿ ನೋಡುತ್ತಾರೆ. ಚಿತ್ರ ನಿಲ್ಲಿಸಿ ಮಾತಾಡಬೇಕಾದ್ದು ಜೇಕ್ ಕಾರು ಕೊಟ್ಟು ಕಳಿಸುವ ಜಾಗದಲ್ಲಿ.

‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿಲ್ಲ’ ಎಂದು ಉಪನ್ಯಾಸ ಕೊಡಬೇಡಿ. ಬೇಡವೆಂದ ಹುಡುಗಿಯ ಬೆನ್ನು ಬಿಡದ ನಾಯಕ ನಮ್ಮ ಪರದೆಗೂ ಹಳಬ, ಮಕ್ಕಳಿಗೆ ಅದು ಗೊತ್ತು.

ಇಷ್ಟಾದ ಮೇಲೆ ನನ್ನ ತೀರ್ಪು: ‘ಟೆನ್ ಥಿಂಗ್ಸ್’ ಒಂಬತ್ತನೇ ತರಗತಿ ಮುಗಿಸಿದವರು ನೋಡಲಿ, ಅಡ್ಡಿಯಿಲ್ಲ. ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ ಹದಿನಾರು ತುಂಬಿದವರಿಗೆ, ಅದೂ ಮನೆಯಲ್ಲಿ ದೊಡ್ಡವರ ಜೊತೆ ಕೂತು. ಶಾಲೆಯಲ್ಲಿ ಅದನ್ನು ತೋರಿಸುವುದು ಬೇಡವೇ ಬೇಡ.