ಸಹಿ ಹಾಕುವ ಹಕ್ಕು

ಸೈಕಾಲಜಿಯಲ್ಲಿ ಎಂ.ಎ. ಮಾಡಿದವರಿಗೆ ಊರಿನಲ್ಲಿ ಬಡ್ತಿ ಬಲು ಬೇಗ ಸಿಗುತ್ತದೆ. ಮಾನಸಗಂಗೋತ್ರಿಯಲ್ಲಿ ಓದು ಮುಗಿಸಿ ಬಂದ ನನ್ನನ್ನು ನೆಂಟರೆಲ್ಲ ‘ಡಾಕ್ಟ್ರು’ ಮಾಡಿಬಿಟ್ಟರು. ಪರಿಚಯದವರೊಬ್ಬರು ತಮ್ಮ ಮೆಡಿಕಲ್ ಶಾಪಿನ ಮೇಲಿನ ಕೋಣೆ ಖಾಲಿಯಿದೆ, ಬೋರ್ಡ್ ಹಾಕಿಕೊಳ್ಳಿ ಎಂದರು. ಎಂ.ಎ. ಕೊಡುವುದು ವಿಷಯದ ಜ್ಞಾನವನ್ನು ಮಾತ್ರ, ರೋಗಿಯ ಮುಂದೆ ಕೂರುವ ಅಧಿಕಾರವನ್ನಲ್ಲ ಎಂದು ಅವರಿಗೆ ತಿಳಿಹೇಳುವಷ್ಟರಲ್ಲಿ ಸಾಕಾಯಿತು.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಆ ಅಧಿಕಾರ ಬರುವುದು ಭಾರತೀಯ ಪುನರ್ವಸತಿ ಪರಿಷತ್ತಿನಿಂದ, ಎಲ್ಲರ ಬಾಯಲ್ಲಿ ಆರ್‌ಸಿಐ. 1992ರ ಕಾಯ್ದೆಯಿಂದ ಬಂದ ಸಂಸ್ಥೆ ಇದು. ನನ್ನ ಕಾಲದ ದಾರಿ ಎಂದರೆ ಎಂ.ಎ.ಯಲ್ಲಿ ಕನಿಷ್ಠ ಶೇ. 55 ಅಂಕ, ಪ್ರವೇಶ ಪರೀಕ್ಷೆ, ಸಂದರ್ಶನ, ಆಮೇಲೆ ಪರಿಷತ್ತು ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ ಈ ಎರಡು ವರ್ಷದ ಮೇಲ್ವಿಚಾರಣೆಯ ತರಬೇತಿಯನ್ನು ಹೆಸರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಹೀಗೆ ಜಾಗಗಳಿದ್ದವು. ಸೀಟು ಮಾತ್ರ ಬೆರಳೆಣಿಕೆ.

ಆ ಎರಡು ವರ್ಷ ಏನು ಕಲಿಸುತ್ತದೆ ಎಂಬುದು ಪಠ್ಯಕ್ರಮ ಓದಿದರೆ ಗೊತ್ತಾಗುವುದಿಲ್ಲ. ಉತ್ತರ ಕರ್ನಾಟಕದ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಬುದ್ಧಿಶಕ್ತಿ ಪರೀಕ್ಷೆಗೆ ಮಕ್ಕಳ ಸಾಲು ಮುಗಿಯುತ್ತಲೇ ಇರಲಿಲ್ಲ. ನಾವು ಬಳಸುತ್ತಿದ್ದುದು ಬಿನೆ–ಕಾಮತ್ ಪರೀಕ್ಷೆ. ಫ್ರಾನ್ಸಿನಲ್ಲಿ ಹುಟ್ಟಿದ ಪರೀಕ್ಷೆಯನ್ನು ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು ಧಾರವಾಡದಲ್ಲೇ, ಸ್ವಾತಂತ್ರ್ಯಕ್ಕೂ ಮೊದಲು. ಸಹಪಾಠಿಯೊಬ್ಬ ಒಮ್ಮೆ ‘ಹುಡುಗ ಸಹಕರಿಸಲಿಲ್ಲ’ ಎಂದು ವರದಿ ಬರೆದ. ಮೇಲ್ವಿಚಾರಕಿ ಮೇಡಂ ಅಂಕಪಟ್ಟಿ ನೋಡಲೇ ಇಲ್ಲ. “ಬೆಳಿಗ್ಗೆ ಏನು ತಿಂದಾನ, ಕೇಳಿದೇನು?” ಎಂದರು. ವಿಚಾರಿಸಿದರೆ ಮೊದಲನೇ ಬಸ್ಸಿಗೆ ಎದ್ದು ಬಂದ ಹುಡುಗ, ಹೊಟ್ಟೆಗೆ ಒಂದು ಲೋಟ ಚಹಾ ಅಷ್ಟೇ. ಊಟ ಮಾಡಿಸಿ ಮಧ್ಯಾಹ್ನ ಮತ್ತೆ ಕೂರಿಸಿದೆವು. ಬೆಳಿಗ್ಗೆ ಕೇಳಿದ ಅಂಕಿಗಳನ್ನೇ ಈಗ ಸಲೀಸಾಗಿ ತಿರುಗಿ ಹೇಳಿದ. ಹೊರಗೆ ಅವನ ತಾಯಿ ಎದ್ದು ನಿಂತು, “ಪಾಸಾದನೇನ್ರೀ ಮೇಡಂ ನಮ್ಮ ಹುಡುಗ?” ಎಂದು ಕೇಳಿದಳು.

ಪಾಸು–ಫೇಲಿನ ಮಾತಲ್ಲ ಎಂದು ಹೇಳುವುದು ಸುಲಭ. ಆದರೆ ಆ ಒಂದು ಹಾಳೆಯ ಮೇಲೆ ಎಷ್ಟು ನಿಂತಿದೆ ನೋಡಿ. ಅಂಗವೈಕಲ್ಯ ಶೇ. 40 ಇದ್ದರೆ ಸವಲತ್ತುಗಳ ಬಾಗಿಲು ತೆರೆಯುತ್ತದೆ: ಮಾಸಾಶನ, ಬಸ್ ಪಾಸ್. ಅದಕ್ಕಿಂತ ಕೆಳಗಿದ್ದರೆ ಇವು ಸಿಗುವುದಿಲ್ಲ. ಹಸಿದ ಹುಡುಗನ ಅಂಕವನ್ನು ಅವನ ಬುದ್ಧಿಯ ಅಂಕವೆಂದು ಬರೆದು ಸಹಿ ಹಾಕಿದರೆ, ಆ ಹಣೆಪಟ್ಟಿ ಶಾಲೆಯವರೆಗೂ ಅವನನ್ನು ಹಿಂಬಾಲಿಸುತ್ತದೆ. ನಮ್ಮೆಲ್ಲರ ವರದಿಗಳೂ ಕೆಂಪು ಗೆರೆ ಹೊತ್ತು ವಾಪಸ್ ಬರುತ್ತಿದ್ದವು. ನೋಡಿದ್ದು ಯಾವುದು, ಊಹಿಸಿದ್ದು ಯಾವುದು, ಬೇರೆ ಮಾಡಿ ಬರೆಯಿರಿ ಎನ್ನುವುದೇ ಮೇಡಂ ಅವರ ಜಪ. ನನ್ನ ಮಟ್ಟಿಗೆ ಅರ್ಹತೆ ಎಂದರೆ ಈ ಕೆಂಪು ಗೆರೆಗಳೇ. ಪ್ರಬಂಧ, ಮೌಖಿಕ ಪರೀಕ್ಷೆ ಎಲ್ಲ ಇದ್ದವು, ಅವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಎಂ.ಫಿಲ್ ಸಿಗದ ಗೆಳತಿಯರು ಕೆಲವರು ಒಂದು ವರ್ಷದ ಪ್ರೊಫೆಷನಲ್ ಡಿಪ್ಲೊಮಾ ಮಾಡಿದರು. ಅದಕ್ಕೂ ಆರ್‌ಸಿಐ ನೋಂದಣಿ ಉಂಟು, ‘ಕ್ಲಿನಿಕಲ್ ಸೈಕಾಲಜಿಸ್ಟ್ (ಅಸೋಸಿಯೇಟ್)’ ಎಂದು. ಕೆಲವರು ಆ ಆವರಣದೊಳಗಿನ ಪದವನ್ನು ವಿಸಿಟಿಂಗ್ ಕಾರ್ಡಿನಿಂದ ಮೆಲ್ಲಗೆ ಬಿಟ್ಟುಬಿಡುತ್ತಾರೆ. ಅದು ತಪ್ಪು.

ಈಗ ದಾರಿಯೇ ಬದಲಾಗುತ್ತಿದೆ. ಯುಜಿಸಿ ಎಂ.ಫಿಲ್ ಅನ್ನು ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ 2025–26ರವರೆಗೆ ಮಾತ್ರ ವಿನಾಯಿತಿ ಸಿಕ್ಕಿತು. ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿ ಕಲಿಸುವುದಕ್ಕೂ 2025ರಲ್ಲಿ ತಡೆ ಬಿತ್ತು. ಮನೆಯಲ್ಲೇ ಕೂತು ಓದಿ ‘ಥೆರಪಿಸ್ಟ್’ ಆಗಬಹುದೆಂದು ಫೀಸು ಕಟ್ಟಿದವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ನಿರ್ಧಾರ ಸರಿಯಾದದ್ದೇ.

ಸರಿಯಿಲ್ಲದ್ದು ಶಿಕ್ಷೆಯ ಪ್ರಮಾಣ. ನೋಂದಣಿಯಿಲ್ಲದೆ ವೃತ್ತಿ ಮಾಡಿದರೆ 1992ರ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ! ಬೆಂಗಳೂರಿನಲ್ಲಿ ಒಂದು ಗಂಟೆ ಕೂತು ಮಾತಾಡಿದರೆ ಅದಕ್ಕಿಂತ ಹೆಚ್ಚು ಕೇಳುವವರಿದ್ದಾರೆ.

ಸೈಕಾಲಜಿಗೆ ಸೇರುವ ಮಕ್ಕಳೇ, ಫೀಸು ಕಟ್ಟುವ ಮುನ್ನ ಆ ಕೋರ್ಸು ಆ ವರ್ಷದ ಆರ್‌ಸಿಐ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ; ಕಾಲೇಜಿನವರ ಬಾಯಿಮಾತು ಸಾಲದು. ಮನೆಯವರನ್ನು ಕರೆದುಕೊಂಡು ಬರುವವರೇ, ವರದಿಯ ಕೆಳಗೆ ಸಹಿಯ ಪಕ್ಕದಲ್ಲಿ ಆರ್‌ಸಿಐ ನೋಂದಣಿಯ ಸಿಆರ್‌ಆರ್ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಕೇಳಿ. ನಿಜವಾಗಿ ಓದಿ ಬಂದವರು ಬೇಸರಪಡುವುದಿಲ್ಲ.