ಕರೆಂಟ್ ಬಿಲ್ಲು, ಬಡವರ ಹಕ್ಕು, ಕಂಪನಿಯ ಹೊಣೆ



ಅರ್ಥಶಾಸ್ತ್ರದ ತರಗತಿಯಲ್ಲಿ ಸರ್ಕಾರದ ಆಯವ್ಯಯದ ಪಾಠ ಬಂದಾಗ ಸಹಾಯಧನದ ಮಾತು ಬರುತ್ತದೆ. ಆಗ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಸರ್, ಕರೆಂಟ್ ಫ್ರೀ ಅಂತಾರ, ಆದ್ರ ನಮ್ಮನಿಗಿ ಬಿಲ್ ಬರೋದು ನಿಂತಿಲ್ಲ, ಯಾಕ?” ತರಗತಿಯ ನಲವತ್ತು ನಿಮಿಷದಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕಾಗಿ ಈ ಲೇಖನ. ವಿದ್ಯುತ್ ಕಂಪನಿಗಳು ಕಷ್ಟದಲ್ಲಿರುವ ಗ್ರಾಹಕರಿಗೂ ಸುತ್ತಲಿನ ಊರುಗಳಿಗೂ ಹೇಗೆ ಆಸರೆಯಾಗಬಹುದು, ಅದರಲ್ಲಿ ದಯೆ ಎಷ್ಟು, ಹಕ್ಕು ಎಷ್ಟು ಎಂಬುದನ್ನು ನೋಡೋಣ.

1. ಆಸರೆ ಬೇಕಾದ ಗ್ರಾಹಕ ಯಾರು?

ಬಡವರು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಸಾಲದು. ಮಕ್ಕಳು ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗಿ ಹಳ್ಳಿಯ ಮನೆಯಲ್ಲಿ ಒಬ್ಬರೇ ಉಳಿದ ಮುದುಕಿ, ಉಸಿರಾಟದ ತೊಂದರೆಯಿಂದ ದಿನಕ್ಕೆ ಎರಡು ಸಲ ನೆಬ್ಯುಲೈಜರ್ ಹಚ್ಚಿಕೊಳ್ಳುವ ರೋಗಿ, ಒಂದೇ ಮೀಟರಿನ ಕೆಳಗೆ ಮೂರು ಸಂಸಾರ ನಡೆಸುವ ಬಾಡಿಗೆದಾರರು, ಭೀಮಾ ದಂಡೆಯಲ್ಲಿ ಮನೆ ಇರುವವರು, ಉರ್ದು ಓದಬಲ್ಲರಾದರೂ ಕನ್ನಡದ ಬಿಲ್ಲು ಓದಲಾರದ ತಾಯಂದಿರು, ಇವರೆಲ್ಲರೂ ಈ ಗುಂಪಿಗೆ ಸೇರುತ್ತಾರೆ. ಇವರಲ್ಲಿ ಕೆಲವರ ಹತ್ತಿರ ದುಡ್ಡೇ ಇಲ್ಲ. ಕೆಲವರ ಹತ್ತಿರ ದುಡ್ಡು ಇದ್ದರೂ ಕಚೇರಿಗೆ ಹೋಗಿ ಕೇಳುವ ಶಕ್ತಿ ಇಲ್ಲ. ಮೊದಲನೆಯವರಿಗೆ ಸಹಾಯಧನ ಬೇಕು, ಎರಡನೆಯವರಿಗೆ ಸೇವೆ ಬೇಕು. ಈ ವ್ಯತ್ಯಾಸ ನೆನಪಿಡಿ.

ನಮ್ಮ ಮೂರೂ ತಾಲ್ಲೂಕುಗಳಿಗೆ ವಿದ್ಯುತ್ ಕೊಡುವುದು ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಜೆಸ್ಕಾಂ. ಇದು 2002ರಲ್ಲಿ ಹುಟ್ಟಿದ ಸರ್ಕಾರಿ ಸ್ವಾಮ್ಯದ ಕಂಪನಿ. ಕಿರಾಣಿ ಅಂಗಡಿ ಸರಿಬರದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು. ಕರೆಂಟಿಗೆ ಪಕ್ಕದ ಅಂಗಡಿ ಇಲ್ಲ. ನೀವು ಓದಿದ ಏಕಸ್ವಾಮ್ಯದ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ. ಗ್ರಾಹಕನಿಗೆ ಬಿಟ್ಟುಹೋಗುವ ಅವಕಾಶ ಇಲ್ಲದ ಕಡೆ ಕಾನೂನು ಅವನ ಬೆನ್ನಿಗೆ ನಿಲ್ಲಬೇಕಾಗುತ್ತದೆ. ಅದಕ್ಕೇ 2003ರ ವಿದ್ಯುಚ್ಛಕ್ತಿ ಕಾಯ್ದೆ ಇದೆ, ದರ ನಿಗದಿ ಮಾಡಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದೆ.

2. ಗೃಹಜ್ಯೋತಿಯ ಲೆಕ್ಕ

ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. ಇದರ ಹಣ ಕಂಪನಿಯದಲ್ಲ. ನಮ್ಮ ಪರವಾಗಿ ರಾಜ್ಯ ಸರ್ಕಾರ ಕಂಪನಿಗೆ ಕಟ್ಟುತ್ತದೆ. ಇಂಥ ಸಹಾಯಧನವನ್ನು ಸರ್ಕಾರ ಮುಂಗಡವಾಗಿ ಕೊಡಬೇಕೆಂದು ಕಾಯ್ದೆಯ 65ನೇ ಕಲಂ ಹೇಳುತ್ತದೆ.

ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದೇ ಆ ಮನೆಯ ಉಚಿತ ಮಿತಿ. ಸರಾಸರಿ 80 ಇದ್ದರೆ ಮಿತಿ 88. ತಿಂಗಳಿಗೆ 100 ಯೂನಿಟ್ ಬಳಸಿದರೆ ಹೆಚ್ಚಿನ 12 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಮ್ಮದೇ.

ಲೆಕ್ಕ ಸುಲಭವಾಗಲೆಂದು ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ, ನಿಗದಿತ ಶುಲ್ಕವನ್ನು ಬದಿಗಿಡೋಣ. ಸರಾಸರಿ 170 ಇರುವ ಮನೆಯ ಮಿತಿ 187. ಆ ಮನೆ 200 ಯೂನಿಟ್ ಬಳಸಿದರೆ 13 ಯೂನಿಟ್‌ಗೆ 78 ರೂಪಾಯಿ. 201 ಬಳಸಿದರೆ 1,206 ರೂಪಾಯಿ. ಕೊನೆಯ ಆ ಒಂದು ಯೂನಿಟ್‌ನ ಬೆಲೆ 1,128 ರೂಪಾಯಿ ಆಯಿತು! ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಗಲೂ ರಾತ್ರಿ ಓಡುವ ಮನೆಗಳಿಗೆ ದೊಡ್ಡ ಬಿಲ್ಲು ಬರಲು ಇದೂ ಒಂದು ಕಾರಣ.

ಇನ್ನೊಂದು ಸಂಗತಿ ನೋಡಿ. ಮೊದಲಿಂದಲೂ ಕೈ ಬಿಗಿ ಹಿಡಿದು 30 ಯೂನಿಟ್ ಸುಟ್ಟ ಮನೆಗೆ ಮಿತಿ 33 ಮಾತ್ರ. ಫ್ರಿಜ್, ಕೂಲರ್ ಇದ್ದು 170 ಸುಟ್ಟ ಮನೆಗೆ 187. ಹೆಚ್ಚು ಬಳಸಿದವರಿಗೆ ಹೆಚ್ಚು ಸಹಾಯ, ಕಡಿಮೆ ಬಳಸಿದವರಿಗೆ ಕಡಿಮೆ. ಈ ಕೊರತೆ ಕಂಡದ್ದರಿಂದಲೇ 2024ರ ಜನವರಿಯಲ್ಲಿ ಸರ್ಕಾರ ನಿಯಮ ತಿದ್ದಿತು. 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇರುವವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟಿತು. 33 ಇದ್ದದ್ದು 40 ಆಯಿತು. ಸಣ್ಣ ತಿದ್ದುಪಡಿಯಾದರೂ ಒಂದು ಫ್ಯಾನ್ ಓಡಿಸುವ ಮನೆಗೆ ಅದು ಲಾಭವೇ.

ಈಗ ಒಂದೇ ಮೀಟರಿನ ಮನೆಗಳ ಮಾತು. ಎರಡು ಸಂಸಾರ ತಲಾ 110 ಯೂನಿಟ್ ಬಳಸಿದರೆ ಮೀಟರ್ 220 ತೋರಿಸುತ್ತದೆ. ಉಚಿತ ಏನೂ ಇಲ್ಲ, ಒಬ್ಬೊಬ್ಬರಿಗೆ 660 ರೂಪಾಯಿ. ಬಾಡಿಗೆ ಸಂಸಾರ ಬೇರೆ ಮೀಟರ್ ಹಾಕಿಸಿಕೊಂಡರೆ? ಹಳೆಯ ಲೆಕ್ಕ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ. 10 ಸೇರಿಸಿ ಸುಮಾರು 58 ಯೂನಿಟ್ ಉಚಿತ. ಉಳಿದ 52 ಯೂನಿಟ್‌ಗೆ 312 ರೂಪಾಯಿ. ಅರ್ಧಕ್ಕಿಂತ ಕಡಿಮೆ.

ಮನೆ ಮಾಲೀಕರು ಒಪ್ಪದಿದ್ದರೆ ಏನು ಮಾಡುವುದು? ಕಾಯ್ದೆಯ 43ನೇ ಕಲಂ ಪ್ರಕಾರ ಮಾಲೀಕ ಮಾತ್ರವಲ್ಲ, ಆ ಜಾಗದಲ್ಲಿ ವಾಸವಾಗಿರುವವನೂ ಸಂಪರ್ಕ ಕೇಳಬಹುದು. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕ ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂದು ಬಾಡಿಗೆದಾರನಿಗೆ ಅದನ್ನು ತಪ್ಪಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಂತೆ, ಹೊಸ ಲೈನ್ ಎಳೆಯುವ ಅಗತ್ಯ ಇಲ್ಲದಿದ್ದರೆ ಪುರಸಭೆ ಪ್ರದೇಶದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದೊಳಗೆ ಸಂಪರ್ಕ ಕೊಡಬೇಕು.

3. ಕಂಪನಿ ಮಾಡಲೇಬೇಕಾದದ್ದು

ಬಾಕಿ ಇದೆ ಎಂದ ಮಾತ್ರಕ್ಕೆ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವಂತಿಲ್ಲ. 56ನೇ ಕಲಂ ಪ್ರಕಾರ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲೇ ತಪ್ಪು ಎಂದು ಗ್ರಾಹಕ ತಕರಾರು ಮಾಡಿದರೆ, ಕೇಳಿದ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ತಕರಾರಿನೊಂದಿಗೆ ಕಟ್ಟಬಹುದು. ತಕರಾರು ತೀರುವವರೆಗೆ ಕರೆಂಟ್ ತೆಗೆಯುವಂತಿಲ್ಲ. ತಿಂಗಳಿಗೆ 300 ರೂಪಾಯಿ ಬರುತ್ತಿದ್ದ ಮನೆಗೆ ಒಮ್ಮೆಲೇ 9,000 ರೂಪಾಯಿಯ ಬಿಲ್ಲು ಬಂದರೆ ಸಾಲ ಮಾಡಿ ಕಟ್ಟುವ ಮೊದಲು ಈ ಕಲಂ ನೆನಪಾಗಬೇಕು.

ಹಿರಿಯ ನಾಗರಿಕರಿಗೆ ಅರ್ಜಿ ಪಡೆಯುವುದು, ಬಿಲ್ಲು ಕಟ್ಟಿಸಿಕೊಳ್ಳುವುದು ಮುಂತಾದ ಸೇವೆಗಳನ್ನು ಮನೆ ಬಾಗಿಲಲ್ಲೇ ಕೊಡಬೇಕೆಂದು 2020ರ ಗ್ರಾಹಕರ ಹಕ್ಕುಗಳ ನಿಯಮ ಹೇಳುತ್ತದೆ. ನಮ್ಮ ಅಜ್ಜ-ಅಜ್ಜಿ, ದಾದಾ-ದಾದಿಯರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ದೂರು ಕೊಡಲು 1912 ಸಂಖ್ಯೆ ಇದೆ. ಫೋನ್ ಮಾಡಿದಾಗ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸೆಕ್ಷನ್ ಆಫೀಸಿನಲ್ಲಿ, ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರ ಬಳಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಉಪವಿಭಾಗಗಳಲ್ಲಿ ನಡೆಯುವ ಗ್ರಾಹಕರ ಸಂವಾದ ಸಭೆಗೂ ಹೋಗಬಹುದು.

ಜೀವ ಹೋಗುವ ವಿಷಯದಲ್ಲಿ ಹೊಣೆ ಇನ್ನೂ ದೊಡ್ಡದು. ಮಧ್ಯಪ್ರದೇಶದಲ್ಲಿ ಒಬ್ಬ ಕಾರ್ಮಿಕ ಮಳೆಯ ರಾತ್ರಿ ಸೈಕಲ್ ಮೇಲೆ ಮನೆಗೆ ಹೋಗುವಾಗ ರಸ್ತೆಯ ನೀರಿನಲ್ಲಿ ಬಿದ್ದಿದ್ದ ತಂತಿ ತಗುಲಿ ತೀರಿಕೊಂಡ. ಆ ತಂತಿಯನ್ನು ಬೇರೆ ಯಾರೋ ಕದ್ದು ಎಳೆದದ್ದು ಎಂದು ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಶೈಲಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಇಷ್ಟು ಅಪಾಯಕಾರಿ ವಸ್ತುವನ್ನು ಸರಬರಾಜು ಮಾಡುವವರು, ತಮ್ಮ ನಿರ್ಲಕ್ಷ್ಯ ಇಲ್ಲದಿದ್ದರೂ, ಅದರಿಂದಾದ ಹಾನಿಗೆ ಹೊಣೆಗಾರರು ಎಂದಿತು. ಮಳೆಗಾಲದಲ್ಲಿ ತೊಗರಿ ಹೊಲಕ್ಕೆ ಹೋಗುವ ನಮ್ಮ ಕೂಲಿಕಾರರಿಗೆ, ದನ ಕಾಯುವ ಹುಡುಗರಿಗೆ ಈ ತೀರ್ಪು ಬಹಳ ಮುಖ್ಯ. ಜೋತುಬಿದ್ದ ತಂತಿ, ವಾಲಿದ ಕಂಬ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಯಾರನ್ನೂ ಬಿಡಬೇಡಿ. ಮೊದಲು 1912ಕ್ಕೆ ತಿಳಿಸಿ.

4. ಕೇಳುವ ಮೊದಲೇ ಗುರುತಿಸುವುದು

ಮೇಲೆ ಹೇಳಿದ ಹಕ್ಕುಗಳೆಲ್ಲ ಕೇಳಿದವರಿಗೆ ಸಿಗುತ್ತವೆ. ಕೇಳಲಾರದವರ ಗತಿ ಏನು? ಇಂಗ್ಲೆಂಡಿನಲ್ಲಿ ಇಂಧನ ಕಂಪನಿಗಳು ಒಂದು ಆದ್ಯತಾ ಪಟ್ಟಿ ಇಟ್ಟುಕೊಳ್ಳಬೇಕು. ಮುಪ್ಪಿನವರು, ಕಾಯಿಲೆಯವರು, ಅಂಗವಿಕಲರು, ಎಳೆಯ ಮಕ್ಕಳಿರುವ ಮನೆಯವರು ಅದರಲ್ಲಿ ಹೆಸರು ಬರೆಸಬಹುದು. ಕರೆಂಟ್ ತೆಗೆಯುವ ಕೆಲಸ ಇದ್ದರೆ ಅವರಿಗೆ ಮುಂಚೆಯೇ ತಿಳಿಸುತ್ತಾರೆ. ಒಂಟಿಯಾಗಿರುವ ಪಿಂಚಣಿ ವಯಸ್ಸಿನವರ ಸಂಪರ್ಕವನ್ನು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದಲ್ಲಿ ಬಾಕಿಗಾಗಿ ಕಡಿಯುವಂತಿಲ್ಲ.

ನಮ್ಮಲ್ಲಿ ಜೀವ ತೆಗೆಯುವುದು ಚಳಿ ಅಲ್ಲ, ಬಿಸಿಲು. ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ಬದಲಿಸುತ್ತಾರೆ. ಕಚೇರಿಯ ಸಿಬ್ಬಂದಿಗೆ ಆ ಬಿಸಿಲು ಅಪಾಯ ಎಂದು ಸರ್ಕಾರವೇ ಒಪ್ಪಿದ ಮೇಲೆ, ತಗಡಿನ ಮನೆಯಲ್ಲಿ ಮಲಗಿರುವ ರೋಗಿಯ ಫ್ಯಾನ್ ನಿಲ್ಲಿಸುವುದೂ ಅಪಾಯವೇ ಅಲ್ಲವೇ? ಆ ಎರಡು ತಿಂಗಳು ಒಂಟಿ ವೃದ್ಧರ, ರೋಗಿಗಳ ಮನೆಯ ಸಂಪರ್ಕ ಕಡಿಯಬಾರದು ಎಂಬ ನಿಯಮ ನಮಗೂ ಬೇಕೆಂದು ನನ್ನ ಅಭಿಪ್ರಾಯ. ಬಾಕಿಯನ್ನು ಮನ್ನಾ ಮಾಡಬೇಕಿಲ್ಲ, ಮಳೆಗಾಲದ ನಂತರ ಕಂತಿನಲ್ಲಿ ಪಡೆಯಬಹುದು.

ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ. ಮೀಟರ್ ಓದಲು ಹಳ್ಳಿ ಹಳ್ಳಿಗೆ ಗ್ರಾಮ ವಿದ್ಯುತ್ ಪ್ರತಿನಿಧಿ ಬರುತ್ತಾರೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೂ ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದಂಥ ಹೊತ್ತಿನಲ್ಲಿ, ಸುರಕ್ಷತೆಗಾಗಿ ಲೈನ್ ಬಂದ್ ಮಾಡುವ ಮೊದಲು ಯಾರಿಗೆ ಸುದ್ದಿ ಮುಟ್ಟಿಸಬೇಕು, ನೀರು ಇಳಿದ ಮೇಲೆ ಯಾರ ಮನೆಯ ಮೀಟರನ್ನು ಮೊದಲು ನೋಡಬೇಕು ಎಂಬುದಕ್ಕೂ ಇದೇ ಪಟ್ಟಿ ಬಳಕೆಗೆ ಬರುತ್ತದೆ.

5. ಊರಿನ ಋಣ

ವಿದ್ಯುತ್ ಉತ್ಪಾದಿಸುವ ಖಾಸಗಿ ಕಂಪನಿಗಳ ಹೊಣೆ ಬೇರೆ ರೀತಿಯದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಾಲೆಗೆ ಗೋಡೆ ಬಣ್ಣ ಬಳಿದು ಫೋಟೊ ತೆಗೆಸಿಕೊಂಡರೆ ಈ ಹೊಣೆ ತೀರುವುದಿಲ್ಲ.

ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿ ಭೂಮಿ ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಮಳೆ ಇಲ್ಲದ ನಾಡಿನ ರೈತನಿಗೆ ನಿಶ್ಚಿತ ಆದಾಯ ಬಂತು, ಭೂಮಿಯೂ ಅವನ ಹೆಸರಲ್ಲೇ ಉಳಿಯಿತು. ಇದು ಒಳ್ಳೆಯ ಮಾದರಿ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ನಮ್ಮ ಕಡೆ ಇಂಥ ಯೋಜನೆ ಬಂದಾಗ ಎಕರೆಗೆ ಎಷ್ಟು ಎಂದು ಕೇಳುವುದರ ಜೊತೆಗೆ, ಕೂಲಿಯವರಿಗೆ ಏನು ಎಂದೂ ಗ್ರಾಮಸಭೆಯಲ್ಲಿ ಕೇಳಬೇಕು.

ಇನ್ನೊಂದು ಮಾದರಿ 1995ರಲ್ಲಿ ಕರ್ನಾಟಕದಲ್ಲಿ ಶುರುವಾದ ಸೆಲ್ಕೊ. ಇದರ ಸಂಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಬಡವರಿಗೆ ಸೋಲಾರ್ ದೀಪ ದಾನ ಕೊಡದೆ ಬ್ಯಾಂಕ್ ಸಾಲದ ಮೂಲಕ ಮಾರಿದ್ದು ಇವರ ವಿಶೇಷ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಸಾಧ್ಯ ಎಂಬುದನ್ನು ಅವರು ಅರ್ಥಮಾಡಿಕೊಂಡರು. ಮೊತ್ತ ಒಂದೇ, ಆದರೆ ಕಂತು ಗ್ರಾಹಕನ ಗಳಿಕೆಗೆ ಹೊಂದಿಕೊಂಡಿತು. ಬಾಕಿ ವಸೂಲಿ ಮಾಡುವ ಪ್ರತಿ ಕಂಪನಿಗೂ ಇದರಲ್ಲಿ ಪಾಠ ಇದೆ.

6. ನಾವು ಮಾಡಬಹುದಾದದ್ದು

ಜಕಾತ್ ಬಡವನಿಗೆ ಮಾಡುವ ಉಪಕಾರವಲ್ಲ, ಅದು ಉಳ್ಳವರ ಸಂಪತ್ತಿನಲ್ಲಿ ಬಡವನ ಹಕ್ಕು ಎಂದು ನಾವು ಮನೆಯಲ್ಲಿ, ಮಸೀದಿಯಲ್ಲಿ ಕೇಳುತ್ತಾ ಬಂದಿದ್ದೇವೆ. ಸಹಾಯಧನವನ್ನೂ ಗ್ರಾಹಕರ ಹಕ್ಕನ್ನೂ ಅದೇ ಕಣ್ಣಿನಿಂದ ನೋಡಬೇಕು. ಹಕ್ಕನ್ನು ಕೈ ಮುಗಿದು ಬೇಡಬೇಕಾಗಿಲ್ಲ, ಆದರೆ ತಿಳಿದುಕೊಳ್ಳಬೇಕು. ನೆರೆಯವರು ಯಾವ ಜಾತಿ, ಯಾವ ಧರ್ಮದವರಾದರೂ ಅವರ ಹಕ್ಕು ನಮ್ಮ ಮೇಲಿದೆ. ಬಿಲ್ಲು ಓದಲು ಬಾರದ ನೆರೆಯವರಿಗೆ ಐದು ನಿಮಿಷ ಕುಳಿತು ಓದಿ ಹೇಳುವುದೂ ಆ ಹಕ್ಕು ಸಲ್ಲಿಸುವುದೇ. ಪಿಯುಸಿ ಓದುವ ಹುಡುಗ, ಹುಡುಗಿ ಇರುವ ಓಣಿಯಲ್ಲಿ ಯಾರೊಬ್ಬರೂ ಬಿಲ್ಲು ಅರ್ಥವಾಗದೆ ಕತ್ತಲಲ್ಲಿ ಕೂರಬಾರದು.

ಅಭ್ಯಾಸಕ್ಕೆ

1. ನಿಮ್ಮ ಮನೆಯ ಬಿಲ್ಲಿನಲ್ಲಿ ಆರ್‌ಆರ್ ನಂಬರ್, ಹಿಂದಿನ ಮತ್ತು ಈಗಿನ ರೀಡಿಂಗ್, ಬಳಸಿದ ಯೂನಿಟ್, ಗೃಹಜ್ಯೋತಿ ಮಿತಿ, ಬಾಕಿ, ಇವುಗಳನ್ನು ಗುರುತಿಸಿ.

2. ಬಿಲ್ಲಿನ ರೀಡಿಂಗ್ ಮತ್ತು ಮೀಟರಿನ ರೀಡಿಂಗ್ ತಾಳೆಯಾಗುತ್ತವೆಯೇ ನೋಡಿ.

3. ಒಂದು ಮನೆಯ 2022-23ರ ಸರಾಸರಿ 60 ಯೂನಿಟ್. ಮೇ ತಿಂಗಳಲ್ಲಿ 140 ಯೂನಿಟ್ ಬಳಸಿದೆ. ಯೂನಿಟ್‌ಗೆ 6 ರೂಪಾಯಿಯಂತೆ ಎಷ್ಟು ಕಟ್ಟಬೇಕು? (ಉತ್ತರ: 444 ರೂಪಾಯಿ.)

4. ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರು, ವಿದ್ಯುತ್ ಉಪಕರಣ ಬೇಕಾದ ರೋಗಿಗಳು ಎಷ್ಟು ಜನ ಇದ್ದಾರೆ? ಅವರ ಒಪ್ಪಿಗೆ ಪಡೆದು ಪಟ್ಟಿ ಮಾಡಿ. ಮುಂದಿನ ಗ್ರಾಹಕರ ಸಂವಾದ ಸಭೆಗೆ ಒಂದು ಮನವಿ ಬರೆದು ತನ್ನಿ. ಅದನ್ನು ತರಗತಿಯಲ್ಲಿ ಒಟ್ಟಿಗೆ ತಿದ್ದೋಣ.