ಅಂಕಿ ಓದಿ, ಆಮೇಲೆ ಪ್ಲಗ್ ಹಾಕಿ

ಒಂದು ಸಂಜೆ ಕಲಿಕಾ ಕೇಂದ್ರಕ್ಕೆ ಅಕ್ಕ ಒಬ್ಬರು ತಡವಾಗಿ ಬಂದರು. ಮುಖ ಬಾಡಿತ್ತು. ಕೈಯಲ್ಲಿ ಒಂದು ಪುಟ್ಟ ರೇಡಿಯೋ ಇತ್ತು.

"ಏನಾಯ್ತಕ್ಕಾ?" ಅಂತ ಕೇಳಿದೆವು.

"ರೇಡಿಯೋ ಸುಟ್ಟೋಯ್ತು ಟೀಚರ್. ಇದರ ಚಾರ್ಜರ್ ಸಿಗಲಿಲ್ಲ. ಟಿ.ವಿ. ಪಕ್ಕ ಇಡೋ ಪೆಟ್ಟಿಗೆದು ಸಿಕ್ತು. ಅದರ ತುದಿ ಇದಕ್ಕೂ ಸರಿಯಾಗಿ ಕೂತ್ಕೊಳ್ತು. ಹಾಕಿದೆ. ಚಿಟ್ ಅಂತು, ಸುಟ್ಟ ವಾಸನೆ ಬಂತು. ಅಷ್ಟೇ."

ರೇಡಿಯೋ ತಿರುಗಿಸಿ ನೋಡಿದೆವು. ಹಿಂದೆ 5 ಎಂದು ಬರೆದಿತ್ತು. ಮಾರನೇ ದಿನ ಆ ಚಾರ್ಜರನ್ನೂ ತರಿಸಿ ನೋಡಿದೆವು. ಅದರ ಮೇಲೆ 12 ಎಂದಿತ್ತು. ತುದಿ ಒಂದೇ ಥರ, ಅಂಕಿ ಬೇರೆ. ರೇಡಿಯೋ ಐದು ಕೇಳಿತ್ತು. ಅದಕ್ಕೆ ಹನ್ನೆರಡು ಸಿಕ್ಕಿತು.

ಆ ಅಕ್ಕನಿಗೆ ಅಂಕಿ ಚೆನ್ನಾಗಿ ಬರುತ್ತದೆ. ಬಸ್ಸಿನ ನಂಬರು ಓದುತ್ತಾರೆ. ಸಂಘದ ಲೆಕ್ಕ ಬರೆಯುತ್ತಾರೆ. ಆದರೆ ಸಾಮಾನಿನ ಬೆನ್ನ ಮೇಲೂ ಅಂಕಿ ಇರುತ್ತದೆ, ಅದನ್ನೂ ಓದಬೇಕು ಅಂತ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ತಪ್ಪು ನಮ್ಮದು. ಅದಕ್ಕೇ ಈ ಪಾಠ.

ವೋಲ್ಟೇಜ್ ಅಂದರೆ ಏನು?

ನಮ್ಮೂರ ನೀರಿನ ಟ್ಯಾಂಕ್ ನೋಡಿ. ಎತ್ತರದಲ್ಲಿದೆ. ಕೆಳಗಿನ ಕೇರಿಯ ನಲ್ಲಿಯಲ್ಲಿ ನೀರು ಭರ್ ಅಂತ ಬರುತ್ತದೆ. ದಿಬ್ಬದ ಮೇಲಿನ ಮನೆಯಲ್ಲಿ ದಾರದ ಹಾಗೆ ಬರುತ್ತದೆ. ನೀರು ಅದೇ, ಪೈಪು ಅದೇ. ಬೇರೆ ಆಗಿರುವುದು ನೀರಿನ ಒತ್ತಡ.

ಕರೆಂಟಿಗೂ ಒತ್ತಡ ಇದೆ. ತಂತಿಯಲ್ಲಿ ಕರೆಂಟನ್ನು ತಳ್ಳುವುದು ಈ ಒತ್ತಡವೇ. ಇದರ ಹೆಸರು ವೋಲ್ಟೇಜ್. ಅಕ್ಕಿಗೆ ಕಿಲೋ, ಹಾಲಿಗೆ ಲೀಟರ್, ಕರೆಂಟಿನ ಒತ್ತಡಕ್ಕೆ ವೋಲ್ಟ್. ಇಟಲಿ ದೇಶದಲ್ಲಿ ವೋಲ್ಟಾ ಎಂಬ ವಿಜ್ಞಾನಿ ಇದ್ದರು. ಅವರು 1800ರಲ್ಲಿ ಬ್ಯಾಟರಿ ಮಾಡಿದ್ದನ್ನು ಲೋಕಕ್ಕೆ ತಿಳಿಸಿದರು. ಅವರ ಹೆಸರೇ ಈ ಅಳತೆಗೆ ಬಂತು.

ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ. ನಮ್ಮ ಮನೆಯ ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್. ಅದು ಜೀವ ತೆಗೆಯಬಲ್ಲದು. ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ, ಅಂದರೆ ನಾವು ಟಿ.ಸಿ. ಅನ್ನುತ್ತೇವಲ್ಲ ಅದಕ್ಕೆ, 11,000 ವೋಲ್ಟ್ ಬರುತ್ತದೆ. ಅದನ್ನು ಇಳಿಸಿ ಮನೆಗೆ ಕೊಡುವುದೇ ಟಿ.ಸಿ. ಕೆಲಸ. ಹೊಲದ ನಡುವೆ ನಿಂತ ದೊಡ್ಡ ಗೋಪುರಗಳ ತಂತಿಯಲ್ಲಿ ಲಕ್ಷಗಟ್ಟಲೆ ವೋಲ್ಟ್ ಓಡುತ್ತದೆ. ದೂರಕ್ಕೆ ಕಳಿಸಬೇಕಾದರೆ ಒತ್ತಡ ಜಾಸ್ತಿ ಬೇಕು. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. 140 ಕಿಲೋಮೀಟರಿಗೂ ಹೆಚ್ಚು ದೂರ. ಆಗಲೂ ಹೀಗೇ ಒತ್ತಡ ಏರಿಸಿ ಕಳಿಸಿದರು.

ಇಲ್ಲಿ ಒಬ್ಬ ಅಕ್ಕ ಒಳ್ಳೆ ಪ್ರಶ್ನೆ ಕೇಳಿದರು. "ಹಂಗಾದ್ರೆ ತಂತಿ ಮೇಲೆ ಕೂತ ಗುಬ್ಬಿಗೆ ಯಾಕೆ ಶಾಕ್ ಹೊಡೆಯಲ್ಲ?"

ಗುಬ್ಬಿಯ ಎರಡು ಕಾಲೂ ಒಂದೇ ತಂತಿಯ ಮೇಲಿವೆ. ಎರಡೂ ಕಡೆ ಒತ್ತಡ ಒಂದೇ. ಆಗ ಕರೆಂಟು ಗುಬ್ಬಿಯ ಮೈಯೊಳಗೆ ಹರಿಯುವುದಿಲ್ಲ. ನಾವು ಹಾಗಲ್ಲ. ನಮ್ಮ ಕಾಲು ನೆಲದ ಮೇಲಿದೆ. ಕೈ ತಂತಿಗೆ ತಗುಲಿದರೆ ಕೈಯಲ್ಲಿ 230, ಕಾಲಿನಲ್ಲಿ ಸೊನ್ನೆ. ಮೇಲಿನಿಂದ ಕೆಳಕ್ಕೆ ನೀರು ಹರಿದ ಹಾಗೆ ಕರೆಂಟು ನಮ್ಮ ಮೈಯಲ್ಲಿ ಹರಿದುಬಿಡುತ್ತದೆ. ಕೈ ಒದ್ದೆ ಇದ್ದರೆ ಇನ್ನೂ ಸುಲಭವಾಗಿ ಹರಿಯುತ್ತದೆ. ಪಾತ್ರೆ ತೊಳೆದ ಕೈಯಲ್ಲೇ ಮಿಕ್ಸಿ ಪ್ಲಗ್ ಹಾಕುವವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ? ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು. ನಾವೂ ಎತ್ತಿದೆವು.

ಅಂಕಿ ಎಲ್ಲಿದೆ, ಓದುವುದು ಹೇಗೆ?

ಮೊಬೈಲ್ ಚಾರ್ಜರ್ ಕೈಗೆ ತೆಗೆದುಕೊಳ್ಳಿ. ಬೆಳಕಿನಲ್ಲಿ ಹಿಡಿಯಿರಿ. ಸಣ್ಣ ಅಕ್ಷರದಲ್ಲಿ ಏನೋ ಬರೆದಿರುತ್ತದೆ. ಅದು ಇಂಗ್ಲಿಷ್. ನಮಗೆ ಇಂಗ್ಲಿಷ್ ಬರೋದಿಲ್ಲ ಅಂತ ಕೆಳಗಿಡಬೇಡಿ. ಅಂಕಿಗಳು ನಮಗೆ ಗೊತ್ತಿರುವ ಅಂಕಿಗಳೇ. ಎರಡು ಅಕ್ಷರಗಳ ಗುರುತು ಹಿಡಿದರೆ ಸಾಕು.

ಮೊದಲನೆಯದು 'ವಿ'. ಎರಡು ಕಡ್ಡಿಗಳು ಕೆಳಗೆ ಕೂಡಿ, ಮೇಲೆ ಬಾಯಿ ತೆರೆದ ಹಾಗೆ ಇರುತ್ತದೆ. ಅಂಕಿಯ ಮುಂದೆ ಈ ಅಕ್ಷರ ಇದ್ದರೆ ಅದು ವೋಲ್ಟ್. ಎರಡನೆಯದು 'ಎ'. ಗುಡಿಸಲಿನ ಹಾಗೆ ಮೇಲೆ ಕೂಡಿ, ನಡುವೆ ಒಂದು ಅಡ್ಡಪಟ್ಟಿ. ಅದು ಆಂಪಿಯರ್. ಎಷ್ಟು ಕರೆಂಟು ಹರಿಯುತ್ತದೆ ಎಂಬ ಲೆಕ್ಕ.

ಚಾರ್ಜರಿನ ಮೇಲೆ ಎರಡು ಸಾಲು ಇರುತ್ತದೆ. ಒಂದು ಸಾಲಿನ ಮೊದಲ ಅಕ್ಷರ ನೆಟ್ಟಗೆ ನಿಂತ ಕಡ್ಡಿ. ಅದು ಇನ್‌ಪುಟ್, ಅಂದರೆ ಒಳಗೆ ಬರುವ ಕರೆಂಟು. ಅಲ್ಲಿ 100 ರಿಂದ 240 ಎಂದಿರುತ್ತದೆ. ನಮ್ಮ ಗೋಡೆಯ 230 ಅದರೊಳಗೆ ಬಂತಲ್ಲ, ಸರಿಯಾಯಿತು. ಇನ್ನೊಂದು ಸಾಲಿನ ಮೊದಲ ಅಕ್ಷರ ಸೊನ್ನೆಯ ಹಾಗೆ ದುಂಡಗೆ. ಅದು ಔಟ್‌ಪುಟ್, ಹೊರಗೆ ಹೋಗುವ ಕರೆಂಟು. ಅಲ್ಲಿ 5 ಇರುತ್ತದೆ. 230 ನುಂಗಿ 5 ಉಗುಳುತ್ತದೆ ಈ ಪುಟ್ಟ ಪೆಟ್ಟಿಗೆ!

ಈಗಿನ ಕೆಲವು ಚಾರ್ಜರಿನಲ್ಲಿ 5, 9, 12 ಹೀಗೆ ಎರಡು ಮೂರು ಅಂಕಿ ಇರುತ್ತವೆ. ಹೆದರಬೇಡಿ. ಅವು ಬೇಗ ಚಾರ್ಜ್ ಮಾಡುವ ಚಾರ್ಜರುಗಳು. ಮೊದಲು 5 ಕೊಡುತ್ತವೆ. ಫೋನ್ ಕೇಳಿದರೆ ಮಾತ್ರ ಏರಿಸುತ್ತವೆ. ಆದರೆ ರೇಡಿಯೋಗೆ, ಟಿ.ವಿ. ಪೆಟ್ಟಿಗೆಗೆ ಹಾಕುವ ದುಂಡು ತುದಿಯವು ಹಾಗೆ ಕೇಳುವುದಿಲ್ಲ. ಬರೆದಷ್ಟನ್ನೂ ನೂಕುತ್ತವೆ.

ಚಾರ್ಜರ್ ಬದಲಿಸುವಾಗ ಔಟ್‌ಪುಟ್ಟಿನ ವೋಲ್ಟ್ ಸಾಮಾನಿನ ಮೇಲೆ ಇರುವಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. ದುಂಡು ತುದಿಯದಾದರೆ ಅದರ ಜೊತೆ ಬಂದ ಚಾರ್ಜರನ್ನೇ ಹಾಕುವುದು ಒಳ್ಳೆಯದು. ನಾವಂತೂ ಮನೆಯಲ್ಲಿ ಪ್ರತಿ ಚಾರ್ಜರಿಗೂ ಬಟ್ಟೆಯ ಚೂರು ಕಟ್ಟಿದ್ದೇವೆ. ಅದರ ಮೇಲೆ ಸಾಮಾನಿನ ಹೆಸರು ಬರೆದಿದ್ದೇವೆ.

ಕಂಪ್ಯೂಟರಿನೊಳಗೆ

ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ನೋಡಿದ್ದೀರಿ. ಅದಕ್ಕೂ ಗೋಡೆಯ 230 ವೋಲ್ಟೇ ಹೋಗುತ್ತದೆ. ಆದರೆ ಒಳಗಿನ ಭಾಗಗಳು ಬಹಳ ಸೂಕ್ಷ್ಮ. ಅದಕ್ಕೇ ದೊಡ್ಡ ಪೆಟ್ಟಿಗೆಯೊಳಗೆ, ತಂತಿ ಚುಚ್ಚುವ ಕಡೆ, ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ಹೆಸರು ಪವರ್ ಸಪ್ಲೈ. ಅದು 230 ವೋಲ್ಟನ್ನು 12, 5, 3.3 ಹೀಗೆ ಇಳಿಸಿ ಹಂಚುತ್ತದೆ. ತಿರುಗುವ ಫ್ಯಾನಿಗೆ 12. ಲೆಕ್ಕ ಮಾಡುವ ಮುಖ್ಯ ಚಿಪ್ಪಿಗೆ ಇನ್ನೂ ಇಳಿಸಿ ಸುಮಾರು ಒಂದು ವೋಲ್ಟ್. ಟಾರ್ಚಿನ ಸೆಲ್ಲಿಗಿಂತ ಕಡಿಮೆ! ಅಮ್ಮ ಒಂದೇ ಪಾತ್ರೆಯ ಸಾರನ್ನು ಮಗುವಿಗೆ ಖಾರ ಇಳಿಸಿ, ದೊಡ್ಡವರಿಗೆ ಹಾಗೇ ಬಡಿಸಿದ ಹಾಗೆ.

ಪ್ಲಗ್ ಕಿತ್ತ ಮೇಲೂ ಈ ಪೆಟ್ಟಿಗೆಯೊಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಹಳೇ ಡಬ್ಬಾ ಟಿ.ವಿ.ಯಲ್ಲಂತೂ ಇನ್ನೂ ಅಪಾಯ. ಬಣ್ಣದ ಡಬ್ಬಾ ಟಿ.ವಿ. ಓಡುವಾಗ ಒಳಗೆ 20,000 ವೋಲ್ಟಿಗೂ ಹೆಚ್ಚು ಇರುತ್ತದೆ. ಮೂಲೆಯಲ್ಲಿ ಬಿದ್ದಿದೆ ಅಂತ ಮಕ್ಕಳ ಕೈಗೆ ಬಿಚ್ಚಲು ಕೊಡಬೇಡಿ.

ಬಲ್ಬು ಹೇಳುವ ಮಾತು

ಸಂಜೆ ಹೊತ್ತು ಎಲ್ಲರ ಮನೆಯಲ್ಲೂ ದೀಪ, ಟಿ.ವಿ., ಹೊಲದಲ್ಲಿ ಪಂಪು. ಆಗ ವೋಲ್ಟೇಜ್ ಇಳಿಯುತ್ತದೆ. ಫ್ಯಾನ್ ನಿಧಾನ ಆಗುತ್ತದೆ. ಹಳೇ ಬಲ್ಬು ಕೆಂಡದ ಹಾಗೆ ಕಾಣುತ್ತದೆ. ಫ್ರಿಜ್ಜಿನ ಮೋಟರು ತಿರುಗಲಾರದೆ ಗುಂಯ್ ಅನ್ನುತ್ತದೆ, ಕಾಯುತ್ತದೆ, ಕೊನೆಗೆ ಸುಡುತ್ತದೆ. ಆಗ ಫ್ರಿಜ್ಜು, ಮಿಕ್ಸಿ, ಗ್ರೈಂಡರ್ ಆಫ್ ಮಾಡಿ. ವೋಲ್ಟೇಜ್ ಬಂದ ಮೇಲೆ ಹಾಕಿ. ಹಿಟ್ಟು ಒಂದು ಗಂಟೆ ತಡವಾದರೆ ಮುಳುಗುವುದೇನಿಲ್ಲ.

ಇದಕ್ಕೆ ತಿರುಗುಮುರುಗೂ ಆಗುತ್ತದೆ. ಕಂಬದಿಂದ ಮನೆಗೆ ಬರುವ ತಂತಿಗಳಲ್ಲಿ ಒಂದರ ಹೆಸರು ನ್ಯೂಟ್ರಲ್. ಗಾಳಿಗೋ ಮಳೆಗೋ ಬೀದಿಯ ನ್ಯೂಟ್ರಲ್ ತಂತಿ ಕಿತ್ತುಹೋದರೆ ಕೆಲವು ಮನೆಗಳಿಗೆ 230ರ ಬದಲು 400ರ ಹತ್ತಿರ ಬಂದುಬಿಡುತ್ತದೆ. ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯುತ್ತದೆ. ಫ್ಯಾನ್ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ. ಒಂದು ಮಳೆಗಾಲ ನಮ್ಮ ಬೀದಿಯಲ್ಲಿ ಹೀಗಾಗಿ ಏಳು ಟಿ.ವಿ. ಹೋದವು. ನಾವು ಬಲ್ಬು ನೋಡಿ "ಇವತ್ತು ಕರೆಂಟು ಚೆನ್ನಾಗಿದೆ" ಅಂತ ಖುಷಿ ಪಟ್ಟಿದ್ದೆವು! ಹಾಗೆ ಕಂಡ ಕೂಡಲೇ ಮೀಟರಿನ ಪಕ್ಕದ ಮೇನ್ ಸ್ವಿಚ್ ಇಳಿಸಿ. 1912 ನಂಬರಿಗೆ ಫೋನ್ ಮಾಡಿ ಹೇಳಿ, ಇಲ್ಲವೇ ಲೈನ್‌ಮನ್‌ಗೆ ಹೇಳಿ ಕಳಿಸಿ. ಕಂಬ ನಾವೇ ಮುಟ್ಟಬಾರದು.

ಮೂರನೇ ಕಾಲು

ಗ್ರೈಂಡರಿನ ಪ್ಲಗ್ಗಿಗೆ ಮೂರು ಕಾಲು ಇರುತ್ತವೆ. ಮೇಲಿನದು ದಪ್ಪ, ಉದ್ದ. ಅದು ಅರ್ತಿನ ಕಾಲು. ಒಳಗಿನ ತಂತಿ ಸವೆದು ಗ್ರೈಂಡರಿನ ಕಬ್ಬಿಣಕ್ಕೆ ತಗುಲಿದರೆ, ಅರ್ತ್ ತಂತಿ ಆ ಕರೆಂಟನ್ನು ನೆಲಕ್ಕೆ ಎಳೆಯುತ್ತದೆ. ಆಗ ಫ್ಯೂಸು ಹೋಗುತ್ತದೆ, ನಾವು ಉಳಿಯುತ್ತೇವೆ. ಎರಡೇ ತೂತಿನ ಪ್ಲಗ್ಗಿಗೆ ಹೊಂದಲಿ ಅಂತ ಈ ಕಾಲನ್ನು ಮುರಿಯುವವರಿದ್ದಾರೆ. ಫ್ಯೂಸು ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತುವವರೂ ಇದ್ದಾರೆ. ಹೆಚ್ಚಾಗಿ ಗಂಡಸರೇ. ಮನೆಯಲ್ಲಿ ಹಾಗೆ ಮಾಡಿದ್ದರೆ ಗಲಾಟೆ ಮಾಡಿಯಾದರೂ ಸರಿ ಮಾಡಿಸಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಇಳಿಸಿ. ಸ್ವಿಚ್ ದೂರ ಇದ್ದರೆ ಒಣಗಿದ ಮರದ ಕೋಲಿನಿಂದ ತಂತಿ ಸರಿಸಿ. ಇದು ಮನೆಯ ತಂತಿಗೆ ಮಾತ್ರ. ಹೊಲದಲ್ಲಿ, ಬೀದಿಯಲ್ಲಿ ಕಿತ್ತು ಬಿದ್ದ ತಂತಿಯ ಹತ್ತಿರ ಹೋಗಲೇಬಾರದು.

ಮಾಡಿ, ಬರೆದು ತನ್ನಿ

ಮನೆಯ ಮೂರು ಸಾಮಾನು ಆರಿಸಿಕೊಳ್ಳಿ. ಮೊದಲು ಪ್ಲಗ್ ಕೀಳಿ. ಕೈ ಒರೆಸಿಕೊಳ್ಳಿ. ತಿರುಗಿಸಿ ನೋಡಿ.

ಸಾಮಾನಿನ ಹೆಸರು: ..............
'ವಿ' ಅಕ್ಷರದ ಹಿಂದಿನ ಅಂಕಿ: ..............
ಪ್ಲಗ್ಗಿಗೆ ಎಷ್ಟು ಕಾಲು: ..............

ಅಂಕಿ ಅಳಿಸಿಹೋಗಿದ್ದರೆ ಸಾಮಾನನ್ನೇ ಕೇಂದ್ರಕ್ಕೆ ತನ್ನಿ. ರೇಡಿಯೋ ಅಕ್ಕ ಈಗ ಭೂತಕನ್ನಡಿ ತಂದಿದ್ದಾರೆ. ಎಲ್ಲರೂ ಸೇರಿ ಓದೋಣ.